‘ಎದೆ ಭಾರ’ ಅಂದ್ರೆ ಯಾವಾಗಲೂ ಗ್ಯಾಸ್ ಅಲ್ಲ: ಖಿನ್ನತೆಯ ಚಿಕಿತ್ಸೆಯಲ್ಲಿ ಅಳುವಿಗೆ, ಸಿಟ್ಟಿಗೆ ಏನು ಕೆಲಸ?

ಚಂದ್ರಾ ಲೇಔಟ್: 80 ಅಡಿ ರಸ್ತೆಯ ಒಬ್ಬ ಅಂಗಡಿ ಮಾಲೀಕರು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಶಟರ್ ಎತ್ತೋಕೆ ಮನಸ್ಸಿಲ್ಲ. ರಾತ್ರಿ ಮೂರಕ್ಕೇ ಎಚ್ಚರ. ತಲೆನೋವು, ಎದೆ ಭಾರ. ಇಸಿಜಿ ತೆಗೆಸಿದ್ದಾಯ್ತು (ಎದೆ ವಿಷಯಕ್ಕೆ ಅದನ್ನು ಮೊದಲು ಮಾಡಿಸಲೇಬೇಕು), ಶುಗರ್ ನೋಡಿಸಿದ್ದಾಯ್ತು, ಎಲ್ಲ ಸರಿಯಿದೆ. ಉಳಿದದ್ದು ಗ್ಯಾಸ್ ಮಾತ್ರೆ. ಅಪ್ಪ ತೀರಿಕೊಂಡು ಒಂದು ವರ್ಷವಾಗಿದೆ. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ ಅಂಗಡಿ ತೆರೆದಿದ್ದರು, ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ‘ಹಿರಿಮಗ ನೀನೇ ಅತ್ತರೆ ಹೇಗಪ್ಪಾ’ ಅಂದಿದ್ದರು ನೆಂಟರು.

ಮನಸ್ಸಿನ ನೋವನ್ನು ಮೈ ನೋವಿನ ಭಾಷೆಯಲ್ಲಿ ಹೇಳುವುದು ಇಲ್ಲಿ ಹೊಸದಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ಇದರ ಬಗ್ಗೆ ಅಧ್ಯಯನ ನಡೆಸಿ 1996ರಲ್ಲಿ ಪ್ರಕಟಿಸಿದ್ದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು. ಮೈ ನೋವಿನ ರೂಪದಲ್ಲಿ ಕಷ್ಟ ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಅರ್ಥವಾಗುವ ಮಾತೇ. ತಲೆನೋವು ಯಾರಿಗೆ ಬರಲ್ಲ? ‘ಡಿಪ್ರೆಶನ್’ ಅಂದ್ರೆ ಮಾತ್ರ ಮಗಳ ಮದುವೆ ಮಾತುಕತೆವರೆಗೂ ಯೋಚನೆ ಹೋಗುತ್ತದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬರುತ್ತದೆ. ಒಂದು ಬೀದಿಗೆ ಎಷ್ಟು ಜನ ಅಂತ ಲೆಕ್ಕ ಹಾಕಿಕೊಳ್ಳಬಹುದು.

ಮಾತಿನ ಚಿಕಿತ್ಸೆ, ಅಂದರೆ ಸೈಕೋಥೆರಪಿ ಅಂದ ಕೂಡಲೇ ಬಹಳ ಮಂದಿ ‘ಧೈರ್ಯ ಹೇಳ್ತಾರೆ ಅಷ್ಟೇ, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು’ ಅಂದುಕೊಳ್ಳುತ್ತಾರೆ. ಧೈರ್ಯ ಹೇಳೋಕೆ ಬೀದಿ ತುಂಬ ಜನ ಇದ್ದಾರೆ. ಚಿಕಿತ್ಸಕರ ಕೆಲಸ ಬೇರೆ. ಮೇಲೆ ಕಾಣುವ ಭಾವನೆಯ ಕೆಳಗೆ ಯಾವುದು ಕೂತಿದೆ ಅಂತ ಹುಡುಕೋದು ಅದರ ಒಂದು ಮುಖ್ಯ ಭಾಗ. ಕೆನಡಾದ ಲೆಸ್ಲಿ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ರೂಪಿಸಿದ ಚಿಕಿತ್ಸಾ ವಿಧಾನವೊಂದಂತೂ ಇದರ ಮೇಲೆಯೇ ನಿಂತಿದೆ.

ಮೇಲಿನ ಅಂಗಡಿಯವರನ್ನೇ ತಗೊಳ್ಳಿ. ಬಾಯಲ್ಲಿ ಬರುವುದು ‘ನಾನೇ ಸರಿಯಿಲ್ಲ, ನನ್ನಿಂದ ಏನೂ ಆಗಲ್ಲ’. ನಾಲ್ಕಾರು ಬಾರಿ ಕೂತು ಮಾತಾಡಿದ ಮೇಲೆ ಅಪ್ಪ ಹೇಳದೆ ಬಿಟ್ಟುಹೋದ ಸಾಲದ ವಿಷಯ ಬರುತ್ತದೆ, ಅದರ ಹಿಂದೆಯೇ ಸಿಟ್ಟು. ಸತ್ತವರ ಮೇಲೆ ಸಿಟ್ಟಾಗುವುದು ಪಾಪ ಅಂತ ಅದನ್ನು ಒಳಗೇ ನುಂಗಿದ್ದರು. ನುಂಗಿದ ಸಿಟ್ಟು ತಮ್ಮ ಮೇಲೇ ತಿರುಗಿತ್ತು. ಕೆಲವು ಚಿಕಿತ್ಸಕರು ಎದುರಿಗೊಂದು ಖಾಲಿ ಕುರ್ಚಿ ಇಟ್ಟು, ‘ಅಪ್ಪ ಇಲ್ಲಿ ಕೂತಿದ್ದಾರೆ, ಹೇಳಬೇಕಾದದ್ದನ್ನು ಹೇಳಿ’ ಅನ್ನುತ್ತಾರೆ. ನಾಟಕದ ಹಾಗೆ ಕಾಣುತ್ತದೆ, ನಿಜ. ಆದರೆ ‘ಒಂದು ಮಾತು ಹೇಳಬಾರದಿತ್ತಾ ಅಪ್ಪಾ’ ಅಂತ ಬಾಯಿ ಬಿಟ್ಟಾಗ ಸಿಟ್ಟಿನ ಬೆನ್ನಿಗೇ ತಡೆದಿಟ್ಟಿದ್ದ ದುಃಖವೂ ಬರುತ್ತದೆ. ಅಪ್ಪನ ಮೇಲೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು ಅನ್ನುವುದು ಎರಡೂ ಒಟ್ಟಿಗೆ ನಿಲ್ಲುತ್ತವೆ. ‘ನಾನೇ ಸರಿಯಿಲ್ಲ’ ಅನ್ನುವ ತೀರ್ಪು ಅಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಹಾಗಂತ ಸುಮ್ಮನೆ ಅತ್ತರೆ ಸಾಕಾ? ಸಾಲದು. ರಾತ್ರಿಯೆಲ್ಲ ಅದದೇ ಯೋಚನೆಯನ್ನು ಮೆಲುಕು ಹಾಕುವುದು ಖಿನ್ನತೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡಲ್ಲ. ಚಿಕಿತ್ಸೆಯಲ್ಲಿ ಭಾವನೆಯನ್ನು ತಡೆದುಕೊಳ್ಳುವಷ್ಟು ಮಾತ್ರ ಮೇಲೆ ತರುತ್ತಾರೆ, ಅದಕ್ಕೊಂದು ಹೆಸರು ಕೊಡುತ್ತಾರೆ, ಅದು ಏನು ಕೇಳುತ್ತಿದೆ ಅಂತ ನೋಡುತ್ತಾರೆ. ಮೆಲುಕು ಹಾಕುವಾಗ ಈ ಯಾವುದೂ ಆಗಲ್ಲ, ಗಾಣದೆತ್ತಿನ ಸುತ್ತು ಅಷ್ಟೇ.

ಒಂದು ಎಚ್ಚರಿಕೆ. ಮೊದಲ ಕೆಲವು ಭೇಟಿಗಳ ನಂತರ ಮನಸ್ಸು ಇನ್ನೂ ಭಾರ ಅನ್ನಿಸಬಹುದು. ‘ಹೋಗಿ ಬಂದ ಮೇಲೆ ಜಾಸ್ತಿ ಆಯ್ತು’ ಅಂತ ಅಲ್ಲಿಗೇ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸುವ ಮೊದಲು ಅದೇ ಮಾತನ್ನು ಚಿಕಿತ್ಸಕರಿಗೆ ಹೇಳಬೇಕು. ವೇಗ ಕಡಿಮೆ ಮಾಡುವುದು ಅವರ ಕೆಲಸ. ಎಲ್ಲ ಖಿನ್ನತೆಗೂ ಇದೊಂದೇ ದಾರಿಯೂ ಅಲ್ಲ. ಯೋಚನೆಯ ರೀತಿ ತಿದ್ದುವ, ದಿನಚರಿಯನ್ನು ಮತ್ತೆ ಕಟ್ಟುವ ವಿಧಾನಗಳೂ ಇವೆ. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ನಿಮ್ಹಾನ್ಸ್‌ಗೆ ಹೋಗುವವರು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಲಾಲ್‌ಬಾಗ್‌ನಲ್ಲಿ ಇಳಿದು ಆಟೊ ಹಿಡಿಯಬಹುದು. ಅಂಗಡಿ ಬಿಟ್ಟು ಹೋಗೋಕೆ ಆಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಕರೆ ಮಾಡಿ, ಮನೆಯವರೊಬ್ಬರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ.