ಆದಿತ್ಯವಾರ ಹಂಚಿಹೋದ ಮನೆ

ಪುತ್ತೂರಿನಲ್ಲಿ ಸೋಮವಾರವೆಂದರೆ ಸಂತೆ. ಸವಣೂರು, ಕಾಣಿಯೂರು ಕಡೆಯ ಬಸ್ಸುಗಳು ಬೆಳಿಗ್ಗೆ ದರ್ಬೆಯಲ್ಲಿ ನಿಂತಾಗ ಸಂತ ಫಿಲೋಮಿನಾ ಕಾಲೇಜಿನ ಮಕ್ಕಳು ಇಳಿದುಹೋಗುತ್ತಾರೆ. ಕೈಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡವರು ಸೀಟು ಬಿಡುವುದಿಲ್ಲ. ಅವರಿಗೆ ಹೋಗಬೇಕಾದದ್ದು ಸಂತೆ ಸೇರುವ ಕಿಲ್ಲೆ ಮೈದಾನಕ್ಕೆ. ಎರಡೂ ಕಡೆಯವರ ಮುಖದಲ್ಲಿ ಹಿಂದಿನ ರಾತ್ರಿಯ ನಿದ್ದೆ ಬಾಕಿ ಇರುತ್ತದೆ. ದೀಪಾವಳಿ ಕಳೆದಲ್ಲಿಂದ ಪತ್ತನಾಜೆಯವರೆಗೆ ಈ ಊರಿನಲ್ಲಿ ಶನಿವಾರ, ಆದಿತ್ಯವಾರ ಮನೆಯಲ್ಲೇ ಇದ್ದೆವು ಎನ್ನುವವರು ಸಿಗುವುದು ಕಷ್ಟ.

ಪತ್ತನಾಜೆ ಎಂದರೆ ತುಳುವರ ಬೇಷ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24 ಅಥವಾ 25. ಅಂದಿಗೆ ದೇವಸ್ಥಾನಗಳ ಉತ್ಸವ, ದೈವಗಳ ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ನಿಲ್ಲುತ್ತದೆ. ಅಲ್ಲಿಯವರೆಗೆ ವಾರದ ಕೊನೆಯೆಂದರೆ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಕುಟುಂಬದ ಮನೆಯ ಕೋಲ, ರಾತ್ರಿಯ ಯಕ್ಷಗಾನದ ಆಟ. ಮಹಾಲಿಂಗೇಶ್ವರ ದೇವಸ್ಥಾನದ ಮುಂದಿನ ದೇವರಮಾರು ಗದ್ದೆಯಲ್ಲಿ ಕೋಟಿ ಚೆನ್ನಯ ಕಂಬಳ ನಡೆಯುವ ವಾರವಂತೂ ಶನಿವಾರ ಹೋದ ಹುಡುಗರು ಆದಿತ್ಯವಾರ ಕೆಸರು ಒಣಗಿದ ಪ್ಯಾಂಟಿನಲ್ಲಿ ಮನೆಗೆ ಬರುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಮುಂಚಿನ ಸಂಜೆ ರೋಸ್ ಶಾಸ್ತ್ರ. ಬ್ಯಾರಿ ಮನೆಗಳ ಮಕ್ಕಳಿಗೆ ಮದ್ರಸದ ವಾರದ ರಜೆ ಶುಕ್ರವಾರ. ಆದಿತ್ಯವಾರ ಬೆಳಿಗ್ಗೆ ಪಾಠ ಮುಗಿಸಿಕೊಂಡೇ ಮದುವೆಯ ಊಟಕ್ಕೆ ಓಡಬೇಕು. ಇದರ ನಡುವೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದ ವಾರದ ಸಭೆ ಆದಿತ್ಯವಾರಕ್ಕೇ ಬಿದ್ದರೆ ಅದಕ್ಕೂ ಒಬ್ಬರು ಬೇಕು.

ಒಂದು ಮನೆಗೆ ಒಂದೇ ದಿನ ಮೂರು ನಾಲ್ಕು ಹೇಳಿಕೆ, ಅಂದರೆ ಕರೆಯೋಲೆ, ಬಂದರೆ ಏನು ಮಾಡುವುದು? ಹಂಚಿಕೊಳ್ಳುವುದು. ಅಪ್ಪ ಸುಳ್ಯದ ಮದುವೆಗೆ, ಅಮ್ಮ ತವರಿನ ಕಡೆಯ ಸತ್ಯನಾರಾಯಣ ಪೂಜೆಗೆ, ಮಗ ಗೆಳೆಯನ ಅಕ್ಕನ ಮದುವೆಯ ಹಾಲ್‌ಗೆ, ಮಗಳು ಅಜ್ಜಿಯ ಜೊತೆ ಮನೆಯಲ್ಲಿ. ಒಬ್ಬರು ಹೋದರೂ ಮನೆಯವರೆಲ್ಲ ಹೋದ ಲೆಕ್ಕ. ಯಾರೂ ಹೋಗದಿದ್ದರೆ ಮಾತ್ರ ಬೇಸರ. ಈ ಕಟ್ಟು ನನಗೆ ತುಂಬ ಹಿಡಿಸುತ್ತದೆ. ಆದರೆ ಇದರಿಂದ ಆದಿತ್ಯವಾರ ಮನೆಯವರು ಒಟ್ಟಿಗೆ ಇರುವುದೇ ಇಲ್ಲ ಎಂಬುದೂ ನಿಜ. ವಾರದ ಕೊನೆಯನ್ನು ಕುಟುಂಬದ ಹೊತ್ತು ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಕಡೆ ಆ ಹೊತ್ತು ಬರುವುದು ಸೋಮವಾರ ಸಂಜೆಯ ಮೇಲೆ.

ಹೀಗೆ ಎಲ್ಲವೂ ಆದಿತ್ಯವಾರಕ್ಕೇ ಬಂದು ಬಿದ್ದದ್ದು ಇತ್ತೀಚಿನ ಸಂಗತಿ. ಮೊದಲೆಲ್ಲ ಮುಹೂರ್ತ ಯಾವ ವಾರಕ್ಕೆ ಬಂದರೆ ಆ ವಾರ ಮದುವೆ. ಅಂಗಳದಲ್ಲಿ ಚಪ್ಪರ, ಹಿಂದಿನ ದಿನವೇ ತರಕಾರಿ ಹೆಚ್ಚಲು ಬರುವ ನೆರೆಕರೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಲೆಕ್ಕ ಬದಲಾಯಿತು. ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಬಂದು ಆದಿತ್ಯವಾರ ರಾತ್ರಿಯ ಬಸ್ಸಿಗೆ ಹಿಂದಿರುಗುವವರಿಗೆ ಸಿಗುವುದು ಎರಡೇ ಹಗಲು. ಹಳಿ ಅಗಲವಾಗಿ 2007ರಲ್ಲಿ ಮಂಗಳೂರು–ಹಾಸನ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದ ಮೇಲೆ ಕಬಕ ಪುತ್ತೂರು ಸ್ಟೇಷನ್ನಿನಲ್ಲೂ ಅದೇ ದೃಶ್ಯ. ದೇವರು ಮಾತ್ರ ಇದಕ್ಕೆ ಒಗ್ಗಿಲ್ಲ. ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ಕ್ಕೆ ಕೊಡಿ ಏರಿ 20ರವರೆಗೆ ನಡೆಯುತ್ತದೆ. ಬ್ರಹ್ಮರಥ 17ಕ್ಕೆ, ಅದು ಯಾವ ವಾರವೇ ಆಗಲಿ. ಅಂದಿನ ಸುಡುಮದ್ದು, ಪುತ್ತೂರು ಬೆಡಿ, ನೋಡಬೇಕಾದವರು ರಜೆ ಹಾಕಿಯೇ ಬರುತ್ತಾರೆ.

ಸೋಮವಾರದ ಕೆಲಸ ಎಷ್ಟಿರುತ್ತದೆ ಎಂದು ಹೇಳಿದರೆ ಬೇರೆ ಊರಿನವರಿಗೆ ನಂಬಿಕೆ ಬರಲಿಕ್ಕಿಲ್ಲ. ದರ್ಬೆಯ ಸುತ್ತಮುತ್ತ ಮಕ್ಕಳ ಓದಿಗಾಗಿ ಮನೆ ಮಾಡಿಕೊಂಡವರು ಬಹಳ. 1958ರಲ್ಲಿ ಶುರುವಾದ ಫಿಲೋಮಿನಾ ಕಾಲೇಜು ಅಂಥ ಎಷ್ಟೋ ಮನೆಗಳನ್ನು ಇಲ್ಲಿಗೆ ಎಳೆದಿದೆ. ಅವರ ತೋಟ ಇರುವುದು ಮಾತ್ರ ಕಡಬ ಅಥವಾ ಸುಳ್ಯದ ಒಳಗಿನ ಹಳ್ಳಿಯಲ್ಲಿ. ಅಲ್ಲಿನ ಅಂಗಳದಲ್ಲಿ ಹರಡಿದ ಅಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನಕ್ಕೂ ಮಿಕ್ಕಿ ಬಿಸಿಲು ಬೇಕು, ನಡುನಡುವೆ ಕೈಯಾಡಿಸುತ್ತಿರಬೇಕು. ಮದುವೆಗೆ ಹೋದ ದಿನ ಅದನ್ನು ಯಾರೂ ಮಗುಚಿರುವುದಿಲ್ಲ. ಹಟ್ಟಿಯ ದನಕ್ಕೆ ಆದಿತ್ಯವಾರ ಗೊತ್ತಿಲ್ಲ, ಸೊಸೈಟಿಗೆ ಹಾಲು ಎರಡು ಹೊತ್ತೂ ಹೋಗಲೇಬೇಕು. ಪಟ್ಟೆ ಸೀರೆಯನ್ನು ಬೆವರು ಆರುವವರೆಗೆ ನೆರಳಿನಲ್ಲಿ ಹರಡಬೇಕು, ಯೂನಿಫಾರಂ ತೊಳೆದಿಲ್ಲ, ಟಿಫಿನ್ ಡಬ್ಬಿಯ ಮುಚ್ಚಳ ಕಾಣುವುದಿಲ್ಲ, ದೇವರ ಕೋಣೆಯಲ್ಲಿ ಕೋಲದಿಂದ ತಂದ ಪಿಂಗಾರ ಬಾಡುತ್ತಿದೆ.

ಊಟ ಮಾತ್ರ ಸುಲಭ. ಎರಡು ದಿನ ಹಾಲ್‌ನ ಬೆಳ್ತಿಗೆ ಅನ್ನ, ಪಾಯಸ, ಹೋಳಿಗೆ ಉಂಡ ಹೊಟ್ಟೆಗೆ ಸೋಮವಾರ ಬೇಕಾಗುವುದು ಕುಚ್ಚಲಕ್ಕಿ ಗಂಜಿ. ಒಂದು ಮನೆಯಲ್ಲಿ ಅದರ ಜೊತೆ ಮಿಡಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಸುಟ್ಟ ಒಣಮೀನಿನ ಚಟ್ನಿ. ಸಂತೆಯಿಂದ ಬಂದ ಚೀಲ ಬಿಚ್ಚಿದರೆ ಬಸಳೆ, ಹರಿವೆ, ಅಲಸಂಡೆ, ಮುಳ್ಳುಸೌತೆ. ಘಟ್ಟದ ತರಕಾರಿ ಪೇಟೆಯಲ್ಲಿ ದಿನವೂ ಸಿಗುತ್ತದೆ. ಊರ ಅಲಸಂಡೆಯನ್ನು ಬೆಳೆಸಿದವರ ಕೈಯಿಂದಲೇ ಕೊಳ್ಳುವುದಕ್ಕೆ ಸೋಮವಾರಕ್ಕೆ ಕಾಯಬೇಕು.

ಸಂಜೆ ಚಾ ಕುಡಿಯುವಾಗ ಮಾತು ಶುರುವಾಗುತ್ತದೆ. ಮೊದಲ ಪ್ರಶ್ನೆ, “ಊಟಕ್ಕೆ ಎಂತ ಮಾಡಿದ್ದರು?” ಅದು ಮುಗಿದ ಮೇಲೆ ನಿಜವಾದ ಸುದ್ದಿ. ಯಾರು ಬಂದಿದ್ದರು, ಯಾರು ಬರಲಿಲ್ಲ, ಬಾರದವರಿಗೆ ಮೈ ಸರಿ ಇಲ್ಲವೋ ಮನಸ್ಸು ಸರಿ ಇಲ್ಲವೋ. ದೊಡ್ಡ ಮಾವ ತುಂಬ ಸೊರಗಿದ್ದಾರೆ. ಅತ್ತೆಯ ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಅಪ್ಪ ಒಂದು ಕಡೆ ಕೇಳಿದ ಅರ್ಧ ಸುದ್ದಿಗೆ ಅಮ್ಮ ಇನ್ನೊಂದು ಕಡೆ ಕೇಳಿದ ಅರ್ಧ ಸೇರಿಕೊಳ್ಳುತ್ತದೆ. ಮಗ ಮೂರು ಮಾತಿಗೆ ಹೆಚ್ಚು ಹೇಳುವುದಿಲ್ಲ. ಆದರೂ ಅವನನ್ನು ಕೇಳಬೇಕು, ಕೇಳುತ್ತಾರೆ.

ಈ ಮಾತುಕತೆಯಲ್ಲಿ ಮನೆಯಲ್ಲೇ ಉಳಿದ ಅಜ್ಜಿಗೆ ದೊಡ್ಡ ಸ್ಥಾನವಿದೆ. ಮೊಣಕಾಲು ನೋವಿನಿಂದ ಕಾರು ಹತ್ತಲಾಗದ ಅವಳಿಗೆ ಕುಟುಂಬದ ಹತ್ತಿರ ಹೋಗಲು ಉಳಿದಿರುವ ದಾರಿ ಇದೊಂದೇ. ಬಂದವರ ಹೆಸರು ಹೇಳಿದರೆ ಅವಳು ಬಳ್ಳಿ ಎಳೆಯುತ್ತಾಳೆ: ಅವನು ಇಂಥವಳ ಮಗ, ಅವಳ ಅಜ್ಜಿ ನಮ್ಮ ತರವಾಡು ಮನೆಯವಳು, ಆದ್ದರಿಂದ ನಿನಗೆ ಅವನು ಮಾವನೇ ಆಗಬೇಕು. ಅಳಿಯಸಂತಾನದ ಮನೆಗಳಲ್ಲಿ ಸಂಬಂಧ ಹರಿಯುವುದು ತಾಯಿಯ ಕಡೆಯಿಂದ. ಮದ್ರಾಸ್ ಸರಕಾರದ 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ತರವಾಡು ಎಂಬ ಕೂಡುಕುಟುಂಬಗಳು ಒಡೆದವು. 1974ರ ಭೂಸುಧಾರಣೆಯ ಹೊತ್ತಿಗೆ ಹಿಡುವಳಿಯ ಒಡೆತನವೂ ಬದಲಾಯಿತು. ವರ್ಷಕ್ಕೊಮ್ಮೆ ಕುಟುಂಬದ ಮನೆಯ ನೇಮದಲ್ಲಿ ಎಲ್ಲರೂ ಮುಖ ನೋಡಿಕೊಳ್ಳುತ್ತಾರೆ, ನಿಜ. ಆದರೆ ಆ ಮುಖಗಳಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಗದ್ದಲದ ನಡುವೆ ಯಾರೂ ಕಲಿಸುವುದಿಲ್ಲ. ಅದನ್ನು ಮೊಮ್ಮಗಳು ಕಲಿಯುವುದು ಮರುದಿನ, ಅಲಸಂಡೆ ಮುರಿಯುತ್ತಾ ಕೂತಾಗ. ಈ ಕಲಿಕೆ ನಿಂತುಹೋದರೆ ಮುಂದೆ ಹೇಳಿಕೆಯ ಕಾಗದ ಯಾರಿಗೆ ಕೊಡಬೇಕೆಂಬುದೇ ಗೊತ್ತಿರುವುದಿಲ್ಲ. ನನಗೆ ನಿಜವಾಗಿ ಆತಂಕವಿರುವುದು ಇಲ್ಲಿ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಸೋಮವಾರದ ಈ ಹೊರೆ ಹೆಚ್ಚಿನ ಮನೆಗಳಲ್ಲಿ ಒಬ್ಬಳ ಮೇಲೆಯೇ ಬೀಳುತ್ತದೆ. ಆದಿತ್ಯವಾರದ ಹೇಳಿಕೆಗಳನ್ನು ಅಷ್ಟು ಚೆನ್ನಾಗಿ ಹಂಚಿಕೊಳ್ಳುವ ಮನೆ ಸೋಮವಾರದ ಪಾತ್ರೆಯನ್ನೂ ಹಂಚಿಕೊಳ್ಳಬೇಕು. ಸಂಜೆಯ ಮಾತಿಗೆ ಅವಳೂ ಕೂತಿರಬೇಕಾದರೆ ಅದಕ್ಕೆ ಬೇರೆ ಉಪಾಯವಿಲ್ಲ.

ಬೆಂಗಳೂರಿನ ಮಕ್ಕಳಿಗೆ ಈ ಸಂಜೆ ಕಾಣಸಿಗುವುದಿಲ್ಲ. ಅವರಿಗೆ ಗೊತ್ತಿರುವುದು ಸೀರೆ ಉಟ್ಟು, ಶಾಲು ಹೊದ್ದು ನಿಂತ ಅಪ್ಪ ಅಮ್ಮ. ರಾತ್ರಿ ಫೋನಿನಲ್ಲಿ ಸುದ್ದಿ ಸಿಗುತ್ತದೆ, ಅದೂ ಸೋಸಿ: ಮಾವ ಸೊರಗಿದ್ದನ್ನು ಹೇಳುತ್ತಾರೆ, ಅಪ್ಪನಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ್ದನ್ನು ಹೇಳುವುದಿಲ್ಲ. ಊರಿನ ಮದುವೆಗೆ ಒಂದು ದಿನ ರಜೆ ಹಾಕಲು ಸಾಧ್ಯವಿದ್ದರೆ ಶುಕ್ರವಾರ ಬೇಡ, ಸೋಮವಾರ ಹಾಕಿ. ಬೆಳಿಗ್ಗೆ ಅಮ್ಮನ ಜೊತೆ ಸಂತೆಗೆ ಹೋಗಿ ಚೀಲ ಹಿಡಿಯಿರಿ. ಮಧ್ಯಾಹ್ನ ಅಡಿಕೆ ಮಗುಚಿ. ಅಪ್ಪ ಯಾವ ಮಾತ್ರೆ ತಿನ್ನುತ್ತಾರೆ, ಅಜ್ಜಿ ಎಷ್ಟು ಉಣ್ಣುತ್ತಾಳೆ ಎಂಬುದನ್ನು ಕಣ್ಣಾರೆ ನೋಡಿ. ಬೆಂಗಳೂರಿಗೆ ಬಸ್ಸು ಸೋಮವಾರ ರಾತ್ರಿಯೂ ಇದೆ, ಅಂದು ಸೀಟೂ ಸುಲಭವಾಗಿ ಸಿಗುತ್ತದೆ.