ಧರ್ಮದ ದಟ್ಟಿಗೆ ಮೊಳ ಹಾಕಬಹುದೇ?

“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು” ಎಂಬ ಗಾದೆಯನ್ನು ನಮ್ಮ ತಾಯಿ ವಾರಕ್ಕೊಮ್ಮೆಯಾದರೂ ಹೇಳದೆ ಇರುತ್ತಿರಲಿಲ್ಲ. ಹಬ್ಬಕ್ಕೆ ಹಂಚಿದ ಹೋಳಿಗೆ ದಪ್ಪವಾಯಿತೆಂದು ನೆರೆಮನೆಯವರು ಅಂದರೆ ಈ ಗಾದೆ. ಬಿಟ್ಟಿ ಪಾಠ ಹೇಳಿಸಿಕೊಂಡ ಹುಡುಗನ ತಂದೆ ಅಂಕ ಕಡಿಮೆ ಬಂತೆಂದು ಗೊಣಗಿದರೆ ಈ ಗಾದೆ. ಪುಕ್ಕಟೆ ಸಿಕ್ಕ ಬಟ್ಟೆಯ ಉದ್ದ ಅಳೆಯುವವನು ಕೃತಘ್ನ ಎಂಬುದೇ ಅದರ ತಾತ್ಪರ್ಯವೆಂದು ನಾನೂ ಐವತ್ತು ವರ್ಷ ನಂಬಿಕೊಂಡು ಬಂದೆ. ಈ ನಂಬಿಕೆಯನ್ನು ಅಲುಗಿಸಿದವರು ಯಾವ ಪಂಡಿತರೂ ಅಲ್ಲ. ನಮ್ಮ ಮನೆಯ ಹುಡುಗ. ಅದೂ ಒಂದು ವಿಡಿಯೋ ಗೇಮಿನ ನೆಪದಲ್ಲಿ!

ಪುಣೆಯಲ್ಲಿ ಕೆಲಸಕ್ಕಿರುವ ಮಗ ರಜೆಗೆಂದು ಮುಂಬಯಿಗೆ ಬಂದಿದ್ದ. ಊಟವಾದ ಮೇಲೆ, “ಅಪ್ಪಾ, ಏಳು ವರ್ಷ ದುಡಿದು ಪುಕ್ಕಟೆಯಾಗಿ ಕೊಟ್ಟ ಆಟವನ್ನು ಜನ ಎರಡೇ ವಾರದಲ್ಲಿ ಹರಿದು ಹಾಕಿದರು, ಗೊತ್ತೇ?” ಎಂದ. “ಹಾಗಾದರೆ ಜನರದೇ ತಪ್ಪು” ಎಂದು ನಾನು ಅಲ್ಲಿಯೇ ತೀರ್ಪು ಕೊಟ್ಟುಬಿಟ್ಟೆ. “ಪೂರ್ತಿ ಕೇಳಿ, ಆಮೇಲೆ ಹೇಳಿ” ಎಂದು ನಕ್ಕ. ಕೇಳಿದೆ. ಕೇಳಿದ್ದನ್ನು ಇಲ್ಲಿ ಓದುಗರ ಮುಂದಿಡುತ್ತೇನೆ. ಆಟದ ಗಂಧವಿಲ್ಲದ ಹಿರಿಯರೂ ದಯವಿಟ್ಟು ಹಾಳೆ ತಿರುವಬೇಡಿ. ಇದು ನಮ್ಮ ಸಂಘದ ಮಾತೂ ಹೌದು.

ಮೂಲದ ಆಟ

1997ರಲ್ಲಿ ಅಮೆರಿಕದಲ್ಲಿ ‘ಫಾಲ್ಔಟ್’ ಎಂಬ ಕಂಪ್ಯೂಟರ್ ಆಟವೊಂದು ಹೊರಬಂತು. ಅದರ ಕಲ್ಪನೆಯೇ ವಿಚಿತ್ರ. 1950ರ ದಶಕದ ಉಡುಪು, ಮೋಟಾರು ಗಾಡಿ, ರೇಡಿಯೋ ಹಾಡುಗಳ ಮೋಹವನ್ನು ಬಿಡದೆಯೇ ಮುಂದುವರಿದ ಒಂದು ಅಮೆರಿಕ. 2077ರಲ್ಲಿ ಅಣುಯುದ್ಧವಾಗಿ ಅದು ಬೂದಿಯಾಗುತ್ತದೆ. ಬಹುಕಾಲದ ಮೇಲೆ, ಉಳಿದವರ ಮಕ್ಕಳು ಮೊಮ್ಮಕ್ಕಳು ಆ ಬೂದಿಯಲ್ಲಿ ಬದುಕು ಕಟ್ಟಿಕೊಳ್ಳುವ ಕಥೆಯೇ ಆಟ. ಈ ಮಾಲೆಯಲ್ಲಿ 2010ರಲ್ಲಿ ‘ಫಾಲ್ಔಟ್: ನ್ಯೂ ವೇಗಸ್’ ಬಂತು. ತಯಾರಿಸಿದವರು ಅಬ್ಸಿಡಿಯನ್ ಕಂಪೆನಿಯವರು, ಪ್ರಕಟಿಸಿದವರು ಬೆಥೆಸ್ಡಾದವರು. ಸುಮಾರು 18 ತಿಂಗಳಲ್ಲಿ ಅವಸರದಿಂದ ಮುಗಿಸಿದ ಕೆಲಸವಾದ್ದರಿಂದ ಮೊದಲಿಗೆ ಅದರಲ್ಲಿ ಕುಂಟು ಕೊರತೆ ಬೇಕಾದಷ್ಟಿದ್ದವು. ಆದರೂ ಜನ ಅದನ್ನು ಪ್ರೀತಿಸಿದರು. ಏಕೆಂದರೆ ಅದರಲ್ಲಿ ಯಾರ ಪಕ್ಷ ಹಿಡಿಯಬೇಕು, ಯಾರನ್ನು ಬಿಡಬೇಕು, ಯಾವುದು ನ್ಯಾಯ ಎಂಬ ತೀರ್ಮಾನ ಆಡುವವನದು. ಆ ತೀರ್ಮಾನದ ಫಲವೂ ಅವನದೇ. ಕಂಪೆನಿಯವರು ತಿದ್ದದೆ ಬಿಟ್ಟ ಎಷ್ಟೋ ದೋಷಗಳನ್ನು ಆಟಗಾರರೇ ಬಿಡುವಿನ ವೇಳೆಯಲ್ಲಿ ಕುಳಿತು, ಬಿಡಿಗಾಸಿಲ್ಲದೆ ತಿದ್ದಿ ಹಂಚಿದರು.

ಹೀಗೆ ಅಭಿಮಾನಿಗಳು ಮೂಲದ ಆಟಕ್ಕೆ ಮಾಡುವ ತಿದ್ದುಪಡಿ, ಸೇರ್ಪಡೆಗಳಿಗೆ ‘ಮಾಡ್’ ಎಂದು ಹೆಸರು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಕವಿಯದು. ಅದಕ್ಕೆ ಅರ್ಥ ಹೇಳಿ ಬೆಳೆಸುವುದು ಕಲಾವಿದನ ಪ್ರತಿಭೆಗೆ ಬಿಟ್ಟದ್ದು. ಇದೂ ಹೆಚ್ಚುಕಡಿಮೆ ಹಾಗೆಯೇ. ಎಲ್ಲ ಕಂಪೆನಿಗಳೂ ಇದಕ್ಕೆ ಒಪ್ಪುವುದಿಲ್ಲ. ಜಪಾನಿನ ನಿಂಟೆಂಡೊ ಕಂಪೆನಿಯ ‘ಮೆಟ್ರಾಯ್ಡ್’ ಮಾಲೆಯ ಹಳೆಯ ಆಟವೊಂದನ್ನು ಅಭಿಮಾನಿಯೊಬ್ಬರು ವರ್ಷಗಟ್ಟಲೆ ದುಡಿದು ಹೊಸದಾಗಿ ರೂಪಿಸಿ 2016ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದಾಗ, ಕೆಲವೇ ದಿನಗಳಲ್ಲಿ ಅದನ್ನು ತೆಗೆಸಿಹಾಕಲಾಯಿತು. ಆದರೆ ಬೆಥೆಸ್ಡಾದವರು ತಮ್ಮ ಆಟವನ್ನು ಬೆಳೆಸುವ ಉಪಕರಣಗಳನ್ನು ತಾವೇ ಜನರ ಕೈಗೆ ಕೊಟ್ಟಿದ್ದಾರೆ. ಅಪ್ಪಣೆಯ ತಕರಾರು ಇಲ್ಲದ ಕಡೆಯೂ ಎಂಥ ತಕರಾರು ಏಳಬಲ್ಲದೆಂಬುದೇ ಮುಂದಿನ ಕಥೆ.

ಏಳು ವರ್ಷದ ದುಡಿಮೆ

‘ನ್ಯೂ ವೇಗಸ್’ ಆಟಕ್ಕೆ ಹೊಸ ಸೀಮೆಯೊಂದನ್ನೇ ಸೇರಿಸುವ ಸಾಹಸಕ್ಕೆ ಅಭಿಮಾನಿಗಳ ತಂಡವೊಂದು ಕೈಹಾಕಿತು. ಅದರ ಹೆಸರು ‘ಫಾಲ್ಔಟ್: ದಿ ಫ್ರಾಂಟಿಯರ್’. ಮೂಲದ ಆಟ ನೆವಾಡದ ಮರುಭೂಮಿಯಲ್ಲಿ ನಡೆದರೆ, ಇದು ಹಿಮದಲ್ಲಿ ಹೂತುಹೋದ ಪೋರ್ಟ್‌ಲೆಂಡ್ ನಗರದ ಸುತ್ತ ನಡೆಯುತ್ತದೆ. ಒಂದಲ್ಲ, ಮೂರು ಬಣಗಳ ಮೂರು ದೊಡ್ಡ ಕಥೆಗಳು. ಮೂಲದಲ್ಲಿ ಆಡುವವನು ಎಲ್ಲಿಗೆ ಹೋದರೂ ಕಾಲ್ನಡಿಗೆಯೇ. ಇವರು ಅದೇ ಹಳೆಯ ಯಂತ್ರದೊಳಗೆ ಓಡಿಸಬಲ್ಲ ಗಾಡಿಗಳನ್ನು ತಂದು ನಿಲ್ಲಿಸಿದರು. ಪಾತ್ರಗಳಿಗೆ ಧ್ವನಿ ಕೊಡಿಸಿದರು. ದಿನವಿಡೀ ಬೇರೆ ಕೆಲಸ, ಓದು; ರಾತ್ರಿ ಈ ಕೆಲಸ. ಸಂಬಳಕ್ಕೆ ದುಡಿದವರು ಮೂಲದ ಆಟವನ್ನು ಒಂದೂವರೆ ವರ್ಷದಲ್ಲಿ ಮುಗಿಸಿದ್ದರು. ಈ ಹವ್ಯಾಸಿಗಳ ಸೇರ್ಪಡೆಗೆ ಏಳು ವರ್ಷ ಹಿಡಿಯಿತು. ಅಷ್ಟು ವರ್ಷವೂ ಜನ ಕಾದರು. ಕಾದಷ್ಟೂ ಆಸೆ ದೊಡ್ಡದಾಗುತ್ತದೆಯಲ್ಲವೇ?

2021ರ ಜನವರಿ 15ರಂದು ಆಟ ಬಿಡುಗಡೆಯಾಯಿತು. ಹಿಮ, ಗಾಡಿ, ಯುದ್ಧದ ದೃಶ್ಯಗಳನ್ನು ಕಂಡು ಮೊದಲು ಎಲ್ಲರೂ ಬೆರಗಾದರು. ಬೆರಗು ಇಳಿದ ಮೇಲೆ ಟೀಕೆ ಮೊದಲಾಯಿತು.

ಮೂರು ಬಗೆಯ ಮಾತು

ಟೀಕೆಯೆಂದು ಒಟ್ಟಾಗಿ ಹೇಳಿದೆನಾದರೂ ಮಗ ಬಿಡಿಸಿ ಹೇಳಿದ ಮೇಲೆ ಅದರಲ್ಲಿ ಮೂರು ಬಗೆಯಿರುವುದು ನನಗೆ ತಿಳಿಯಿತು.

ಮೊದಲನೆಯದು ಕಸುಬಿನ ಮಾತು. ಪ್ರಧಾನವಾದ ಕಥೆಯಲ್ಲಿ ಆಡುವವನ ತೀರ್ಮಾನಕ್ಕೆ ಜಾಗವೇ ಇಲ್ಲ. ಯುದ್ಧದ ಸಿನಿಮಾದಲ್ಲಿ ನಡೆಸಿದಂತೆ ಒಂದೇ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಸಂಭಾಷಣೆ ಕೆಲವೆಡೆ ಬಾಲಿಶ ಎಂದರು. ಮೂಲದ ಆಟದ ಜೀವವೇ ತೀರ್ಮಾನದ ಸ್ವಾತಂತ್ರ್ಯದಲ್ಲಿದ್ದಾಗ ಇದು ಸಣ್ಣ ದೂರಲ್ಲ. ವೈಭವ ಮೂಲವನ್ನು ಮೀರಿತು, ತಿರುಳು ಕಳೆದುಹೋಯಿತು ಎಂದು ಅದರ ಅರ್ಥ.

ಎರಡನೆಯದು ಸಭ್ಯತೆಯ ಮಾತು. ಎಳೆಯ ವಯಸ್ಸಿನ ಹೆಣ್ಣು ಪಾತ್ರವೊಂದನ್ನು ದಾಸಿಯಾಗಿ ಇಟ್ಟುಕೊಳ್ಳಲು ಆಟದಲ್ಲಿ ಅವಕಾಶವಿತ್ತು. ಅದರ ಸುತ್ತಲಿನ ಸಂಭಾಷಣೆ ಹೇಸಿಗೆ ತರುವಂತಿತ್ತು. ಮನೆಮಂದಿ ಓದುವ ಈ ಹಾಳೆಯಲ್ಲಿ ಅದನ್ನು ವಿವರಿಸಬೇಕಾಗಿಲ್ಲ. ‘ಕೆಟ್ಟ ಲೋಕದ ಕಥೆಯಲ್ಲಿ ಕೆಟ್ಟದ್ದೂ ಇರುತ್ತದೆ’ ಎಂಬ ಸಮಾಧಾನ ಇಲ್ಲಿ ಸಾಲದು. ಕೆಟ್ಟದ್ದನ್ನು ಕೆಟ್ಟದ್ದೆಂದು ತೋರಿಸುವುದು ಬೇರೆ, ಚಪ್ಪರಿಸುತ್ತ ತೋರಿಸುವುದು ಬೇರೆ. ಈ ವ್ಯತ್ಯಾಸ ಓದುಗನಿಗೂ ಗೊತ್ತಾಗುತ್ತದೆ, ಆಡುವವನಿಗೂ ಗೊತ್ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಅದೇ ತಿಂಗಳ ಕೊನೆಯ ಭಾಗದಲ್ಲಿ, ತಂಡದ ಸದಸ್ಯರೊಬ್ಬರು ಬೇರೆ ಕಡೆ ಪ್ರಕಟಿಸಿದ್ದ ಅತ್ಯಂತ ಆಕ್ಷೇಪಾರ್ಹ ಚಿತ್ರಣ ಬೆಳಕಿಗೆ ಬಂತು. ತಂಡದವರು ಅವರೊಡನೆ ಸಂಬಂಧ ಕಡಿದುಕೊಂಡು, ಆಟವನ್ನೇ ಹಿಂದಕ್ಕೆ ತೆಗೆದುಕೊಂಡರು. ಸ್ವಲ್ಪ ಕಾಲದಲ್ಲಿಯೇ ಆಕ್ಷೇಪಕ್ಕೆ ಒಳಗಾದ ಭಾಗಗಳನ್ನು ಕಿತ್ತುಹಾಕಿ ಮತ್ತೆ ಬಿಡುಗಡೆ ಮಾಡಿದರು. ಆದರೆ ಬಿದ್ದ ಹೆಸರು ಅಷ್ಟು ಬೇಗ ಏಳುವುದೇ? ಹಿಮ ಬಿಡಿಸಿದವನು, ಗಾಡಿಯ ಚಕ್ರ ಉರುಳಿಸಿದವನು, ಧ್ವನಿ ಕೊಟ್ಟವಳು, ಎಲ್ಲರೂ ಒಟ್ಟಿಗೆ ಲೇವಡಿಗೆ ಗುರಿಯಾದರು. ಮೊದಲ ಬಗೆಯ ತಪ್ಪಿಗೆ ಮೂರನೆಯ ಬಗೆಯ ಶಿಕ್ಷೆಯಾಯಿತು. ಒಬ್ಬನ ಪಾಲಿನ ಮಸಿ ಎಲ್ಲರ ಮುಖಕ್ಕೂ ಹತ್ತಿತು.

ತಂಡದ ಪರವಾಗಿ ನಿಂತವರೂ ಇದ್ದರು. ಅವರ ವಾದ ನಮ್ಮ ತಾಯಿಯ ಗಾದೆಯೇ. “ಪುಕ್ಕಟೆ ಕೊಟ್ಟಿದ್ದಾರೆ. ಬೇಕಾದರೆ ಆಡಿ, ಬೇಡವಾದರೆ ಬಿಡಿ. ಮೊಳ ಹಾಕಲು ನೀವು ಯಾರು?”

ನನ್ನ ಮೂರು ವರ್ಷ

ಇಲ್ಲಿಗೆ ಬಂದಾಗ ನಾನು ಸುಮ್ಮನಾದೆ. ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ಬಹಳ ವರ್ಷಗಳ ಹಿಂದೆ ನಾವು ಕೆಲವರು ಸೇರಿ ರಾಜ್ಯೋತ್ಸವಕ್ಕೆಂದು ನಾಟಕವೊಂದನ್ನು ಕಟ್ಟಿದ್ದೆವು. ಬರೆದವನು ನಾನು. ನಾಲ್ಕು ತಿಂಗಳು ಕಚೇರಿ ಮುಗಿಸಿ, ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಬಂದು, ರಾತ್ರಿ ಹತ್ತರವರೆಗೆ ತಾಲೀಮು. ಎರಡೂಮುಕ್ಕಾಲು ಗಂಟೆಯ ನಾಟಕ. ಮುಗಿದ ಮೇಲೆ ಎಲ್ಲರೂ “ಚೆನ್ನಾಗಿತ್ತು, ಚೆನ್ನಾಗಿತ್ತು” ಎನ್ನುತ್ತ ಕೊನೆಯ ಗಾಡಿ ಹಿಡಿಯಲು ಓಡಿದರು. ಒಬ್ಬ ಹಿರಿಯರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ತಮ್ಮಾ, ಎರಡನೆಯ ಅಂಕ ಪೂರ್ತಿ ಬೇಡವಾಗಿತ್ತು. ಆ ಸೊಸೆಯ ಪಾತ್ರವನ್ನು ನಗಿಸುವುದಕ್ಕೆಂದು ಹೀಗಳೆದೆಯಲ್ಲ, ಮುಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಯಾರೂ ನಗಲಿಲ್ಲ, ನೋಡಿದೆಯಾ?” ಎಂದರು. ನನಗೆ ಮೈಯುರಿದುಹೋಯಿತು. “ಟಿಕೀಟು ಕೊಟ್ಟು ಬಂದಿದ್ದಿರಾ?” ಎಂದು ಕೇಳಿಬಿಟ್ಟೆ. ಆಮೇಲೆ ಮೂರು ವರ್ಷ ಸಂಘದ ಕಡೆ ತಲೆಹಾಕಲಿಲ್ಲ.

ಈಗ ಯೋಚಿಸಿದರೆ, ಅಂದು ನನ್ನ ನಾಟಕವನ್ನು ನಿಜವಾಗಿ ನೋಡಿದವರು ಅವರೊಬ್ಬರೇ. ಉಳಿದವರು ನನ್ನ ಶ್ರಮವನ್ನು ನೋಡಿ ಹೊಗಳಿದರು. ಅವರು ನಾಟಕವನ್ನು ನೋಡಿ ಮಾತಾಡಿದರು. ಟಿಕೀಟಿನ ಹಣ ಇಲ್ಲದಿರಬಹುದು. ಎರಡೂಮುಕ್ಕಾಲು ಗಂಟೆ ಅವರು ಕೊಟ್ಟಿದ್ದರು. ಏಳು ವರ್ಷ ಕಾದು, ರಾತ್ರಿಗಟ್ಟಲೆ ಕುಳಿತು ಆಡಿದವನೂ ಕೊಟ್ಟಿದ್ದಾನೆ. ಕೊಟ್ಟವನಿಗೆ ಕೇಳುವ ಹಕ್ಕಿದೆ. ಆ ಹಿರಿಯರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಆ ಮೂರು ವರ್ಷ ಇನ್ನೂ ಮುಗಿದಿರಲಿಲ್ಲ. ಕ್ಷಮೆ ಕೇಳುವುದು ಉಳಿದೇಹೋಯಿತು.

ಹಾಗೆಂದು ಟೀಕಿಸಿದವರೆಲ್ಲ ಆ ಹಿರಿಯರಂಥವರಲ್ಲ. ಎರಡನೆಯ ಅಂಕ ಬೇಡವಾಗಿತ್ತೆಂದು ಹೇಳುವುದು ಒಂದು. ಇಡೀ ತಂಡವನ್ನೇ ಊರ ಬಾಯಿಗೆ ಹಾಕಿ ಮೋಜು ನೋಡುವುದು ಇನ್ನೊಂದು. ಮೊದಲನೆಯದರಿಂದ ಮುಂದಿನ ನಾಟಕ ಸುಧಾರಿಸುತ್ತದೆ. ಎರಡನೆಯದರಿಂದ ಮುಂದಿನ ನಾಟಕವೇ ಇಲ್ಲವಾಗುತ್ತದೆ.

ಮುಂದಿನ ದಟ್ಟಿ

ಅದೃಷ್ಟಕ್ಕೆ, ಅಭಿಮಾನಿಗಳ ಲೋಕದಲ್ಲಿ ಮುಂದಿನ ನಾಟಕ ನಿಲ್ಲಲಿಲ್ಲ. ಬೇರೊಂದು ತಂಡದವರು, ಅದೇ ಮಾಲೆಯ 2015ರ ‘ಫಾಲ್ಔಟ್ 4’ ಆಟವನ್ನು ಆಧರಿಸಿ ‘ಫಾಲ್ಔಟ್: ಲಂಡನ್’ ಕಟ್ಟಿದರು. ಬ್ರಿಟಿಷ್ ಪಾರ್ಲಿಮೆಂಟಿನ ಮಾಜಿ ಸ್ಪೀಕರ್ ಜಾನ್ ಬರ್ಕೊ ಅವರೂ ಅದರಲ್ಲಿ ಒಂದು ಪಾತ್ರಕ್ಕೆ ಧ್ವನಿ ಕೊಟ್ಟರೆಂದರೆ ಸಾಹಸ ಎಷ್ಟರದೆಂದು ಊಹಿಸಬಹುದು. 2024ರ ಏಪ್ರಿಲ್ 23ಕ್ಕೆ ಬಿಡುಗಡೆಯೆಂದು ಸಾರಿದ್ದರು. ಅದೇ ವಾರ ಕಂಪೆನಿಯವರು ಮೂಲದ ಆಟವನ್ನೇ ಬದಲಿಸಲಿದ್ದರು. ತಳಪಾಯ ಅಲುಗಿದ ಮೇಲೆ ಮೇಲಿನ ಮನೆ ನಿಲ್ಲುವುದೆಂತು? ಮೂರು ತಿಂಗಳು ತಡೆದು, ಜುಲೈ 25ರಂದು ಹೊರತಂದರು. ಮೊದಲ ಒಂದೇ ದಿನದಲ್ಲಿ 5 ಲಕ್ಷಕ್ಕೂ ಹೆಚ್ಚು ಸಲ ಅದನ್ನು ಇಳಿಸಿಕೊಳ್ಳಲಾಯಿತು. ಅದಕ್ಕೂ ಟೀಕೆ ತಪ್ಪಲಿಲ್ಲ. ಆಟ ನಡುವೆಯೇ ನಿಂತುಹೋಗುತ್ತದೆಂದು ದೂರುಗಳ ಮೇಲೆ ದೂರು. ತಂಡದವರು ದೂರುಗಳನ್ನು ಕೇಳಿ ತಿದ್ದುಪಡಿಯ ಮೇಲೆ ತಿದ್ದುಪಡಿ ಹೊರತಂದರು. ಆಡುವವರು ಹೇಳಿದರು, ಮಾಡಿದವರು ಕೇಳಿದರು, ಆಟ ಸುಧಾರಿಸಿತು.

ಇಷ್ಟನ್ನೂ ಹೇಳಿ ಮಗ, “ಈಗ ತೀರ್ಪು ಕೊಡಿ ಅಪ್ಪಾ” ಎಂದ. ನನಗೆ ಅಮ್ಮನ ಗಾದೆ ಮತ್ತೆ ನೆನಪಾಯಿತು. ಅದನ್ನು ಈ ಸಲ ನಿಧಾನವಾಗಿ, ಪದ ಪದವಾಗಿ ಹೇಳಿಕೊಂಡೆ. ಗಾದೆ ಬೈಯುವುದು ಮೊಳ ಹಾಕಿದ್ದಕ್ಕಲ್ಲ, ಹಿತ್ತಲಿಗೆ ಹೋಗಿ ಹಾಕಿದ್ದಕ್ಕೆ! ದಟ್ಟಿ ಗಿಡ್ಡವಾಗಿದ್ದರೆ ಕೊಟ್ಟವನ ಎದುರಿಗೇ, ಪಡಸಾಲೆಯಲ್ಲಿ ಕುಳಿತು, “ಅಣ್ಣಾ, ಇದು ಅರ್ಧ ಮೊಳ ಕಡಿಮೆಯಾಯಿತು” ಎನ್ನಬಹುದು. ಅವನು ಮುಂದಿನ ಸಲ ಉದ್ದ ನೋಡಿಯೇ ಕೊಟ್ಟಾನು. ಹಿತ್ತಲಲ್ಲಿ ಹಾಕಿದ ಮೊಳ ಅವನಿಗೆ ತಲುಪುವುದು ಚಾಡಿಯಾಗಿ ಮಾತ್ರ.

ನಮ್ಮ ಸಂಘದಲ್ಲಿ ನಡೆಯುವುದೆಲ್ಲ ಧರ್ಮದ ದಟ್ಟಿಯೇ. ನಾಟಕ, ಮಕ್ಕಳ ಕನ್ನಡ ತರಗತಿ, ಈ ತ್ರೈಮಾಸಿಕ, ಯಾವುದಕ್ಕೂ ಸಂಬಳವಿಲ್ಲ. ಊರು ಬಿಟ್ಟು ಬಂದ ನಮಗೆ ಇವಿಲ್ಲದೆ ಗತಿಯೂ ಇಲ್ಲ. ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಈ ವರ್ಷದ ನಾಟಕ ಮುಗಿದ ಮೇಲೆ ಹತ್ತು ನಿಮಿಷ ತಡೆದು, ಆಡಿದ ಹುಡುಗರ ಬಳಿಗೆ ಹೋಗಿ, ಚೆನ್ನಾಗಿದ್ದುದನ್ನು ಚೆನ್ನಾಗಿತ್ತೆನ್ನಿ, ಇಲ್ಲದಿದ್ದುದನ್ನು ಇಲ್ಲವೆನ್ನಿ. ಹುಡುಗರೇ, ನಿಮಗೂ ಒಂದು ಮಾತು. ಯಾರಾದರೂ ಹಿರಿಯರು ಪಕ್ಕಕ್ಕೆ ಕರೆದರೆ ಹೋಗಿ, ಕೇಳಿ. ಟಿಕೀಟು ಕೊಟ್ಟಿದ್ದಿರಾ ಎಂದು ಮಾತ್ರ ಕೇಳಬೇಡಿ. ಕೇಳಿ ಕೆಟ್ಟವನ ಅನುಭವದ ಮಾತಿದು.

ಈ ಲೇಖನವೂ ಪುಕ್ಕಟೆ ಬರೆದದ್ದೇ. ಉದ್ದವಾಯಿತೆನಿಸಿದರೆ ಪಡಸಾಲೆಗೆ ಬಂದು ಮೊಳ ಹಾಕಿ.