ಮರಳಿದ ವಿಂಡೊ, ಮರಳದ ಜಾಡು

ಒಂದು ಯೋಜನೆಯನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳುವುದು ತಂತ್ರಾಂಶ ಬರೆಯುವವರ ದಿನಚರಿಯೇ ಆಗಿರುವುದರಿಂದ, ತೆರೆದಿಟ್ಟ ಕಡತಗಳ ಜೋಡಣೆಯನ್ನು ಯೋಜನೆಗೊಂದರಂತೆ ಕಾಯ್ದಿಡುವ ‘ವರ್ಕ್‌ಸ್ಪೇಸ್’ ಎಂಬ ಏರ್ಪಾಡು ಪಠ್ಯ ಸಂಪಾದಕಗಳಲ್ಲಿ ಸಾಮಾನ್ಯವಾಗಿದೆ. ಆದರೆ ಜೋಡಣೆ ಮರಳಿದ ಮಾತ್ರಕ್ಕೆ ಕೆಲಸದ ಎಳೆ ಮರಳುವುದಿಲ್ಲ. ಪ್ರತಿ ವಿಂಡೊ ಯಾವ ಯಾವ ಕಡತಗಳನ್ನು ದಾಟಿ ಈಗಿನದಕ್ಕೆ ಬಂದಿತ್ತೆಂಬ ಜಾಡೂ ಜೊತೆಗೆ ಬರಬೇಕಾಗುತ್ತದೆ.

ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿ, ರಿಚರ್ಡ್ ಸ್ಟಾಲ್ಮನ್ ಅವರ ಕೈಯಲ್ಲಿ 1985ರ ವೇಳೆಗೆ ಗ್ನೂ ಈಮ್ಯಾಕ್ಸ್ ಎಂಬ ರೂಪ ತಳೆದ ಸಂಪಾದಕದಲ್ಲಿ ಈ ತೊಡಕು ನಿಚ್ಚಳವಾಗಿ ಕಾಣುತ್ತದೆ. ಅದರ ಪರಿಭಾಷೆ ಇಂದಿನ ರೂಢಿಗಿಂತ ಹಳೆಯದು: ಪಠ್ಯವನ್ನು ಹಿಡಿದಿಡುವುದು ಬಫರ್, ಅದನ್ನು ತೋರಿಸುವ ಪರದೆಯ ಭಾಗ ವಿಂಡೊ, ಉಳಿದವರೆಲ್ಲ ವಿಂಡೊ ಎನ್ನುವ ಇಡೀ ಚೌಕಟ್ಟು ಫ್ರೇಮ್. ತಾನು ಹಿಂದೆ ತೋರಿಸಿದ್ದ ಬಫರ್‌ಗಳ ಪಟ್ಟಿಯನ್ನು, ಪ್ರತಿಯೊಂದರಲ್ಲೂ ಪಠ್ಯ ಎಲ್ಲಿಂದ ಕಾಣುತ್ತಿತ್ತು, ಕರ್ಸರ್ ಎಲ್ಲಿತ್ತು ಎಂಬ ವಿವರದ ಸಮೇತ, ವಿಂಡೊವೇ ಇಟ್ಟುಕೊಂಡಿರುತ್ತದೆ. ‘ಹಿಂದಿನ ಬಫರ್’ ಎಂಬ ಆದೇಶ ಮೊದಲು ಈ ಪಟ್ಟಿಯನ್ನು ಹಿಡಿದು ನಡೆದು, ಅದು ಮುಗಿದ ಮೇಲೆ ಇಡೀ ಫ್ರೇಮಿನ ಬಫರ್ ಪಟ್ಟಿಗೆ ಕೈಹಾಕುತ್ತದೆ. ತೊಂದರೆಯ ಬೇರು ಇಲ್ಲಿದೆ. ವರ್ಕ್‌ಸ್ಪೇಸ್ ಬದಲಿಸುವಾಗ ವಿಂಡೊಗಳನ್ನು ಅಳಿಸಿ, ಮರಳುವಾಗ ಅದೇ ಆಕಾರದಲ್ಲಿ ಹೊಸದಾಗಿ ಕಟ್ಟುವುದಾದರೆ ಹಳೆಯ ಪಟ್ಟಿಯನ್ನು ಹೊಸದಕ್ಕೆ ಹಸ್ತಾಂತರಿಸಲೇಬೇಕು. ಇಲ್ಲವಾದರೆ ‘ಹಿಂದಕ್ಕೆ’ ಎಂದೊಡನೆ ಈಗಷ್ಟೇ ಬಿಟ್ಟುಬಂದ ಬೇರೆ ಯೋಜನೆಯ ಕಡತವೇ ಎದುರು ನಿಲ್ಲುತ್ತದೆ. ಯಾವ ಬಫರ್ ಯಾವ ಫ್ರೇಮಿಗೆ ಸಲ್ಲುತ್ತದೆಂದು ತೀರ್ಮಾನಿಸುವ ಶೋಧಕವೊಂದನ್ನು ಫ್ರೇಮಿಗೆ ಲಗತ್ತಿಸಿ ಈ ಅತಿಕ್ರಮಣವನ್ನು ತಡೆಯಬಹುದಾದರೂ, ಅದರಿಂದ ಕಳೆದ ಜಾಡು ಮರಳುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಚರಿತ್ರೆಯೂ ಇದೆ. ಎರಡನ್ನೂ ಒಂದೇ ಎಂದು ಭಾವಿಸುವವರು ಕಡಿಮೆಯೇನಿಲ್ಲ. ಪರದೆಯನ್ನು ಸೀಳಿದ, ಮುಚ್ಚಿದ, ಹಿಗ್ಗಿಸಿದ ಕ್ರಮವನ್ನು ನೆನಪಿಟ್ಟು ಹಿಂದಿನ ಜೋಡಣೆಗೆ ಮರಳಿಸುವ ‘ವಿನ್ನರ್’ ಎಂಬ ಸಾಧನ ಫ್ರೇಮಿಗೊಂದು ದಾಖಲೆಯನ್ನು ಇಟ್ಟುಕೊಳ್ಳುತ್ತದೆ. ಒಂದೇ ಫ್ರೇಮಿನಲ್ಲಿ ಹಲವು ಟ್ಯಾಬ್‌ಗಳು ವರ್ಕ್‌ಸ್ಪೇಸ್‌ಗಳಾಗಿ ನಿಂತಾಗ ಆ ಒಂದೇ ದಾಖಲೆ ಎಲ್ಲಕ್ಕೂ ಸೇರಿಹೋಗಿ, ಒಂದು ಟ್ಯಾಬಿನ ಜೋಡಣೆ ಇನ್ನೊಂದರಲ್ಲಿ ಮೇಲೇಳುತ್ತದೆ. 2020ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 27.1ನೇ ಆವೃತ್ತಿ ಟ್ಯಾಬ್ ಪಟ್ಟಿಯ ಜೊತೆಗೆ ಟ್ಯಾಬಿಗೊಂದು ಪ್ರತ್ಯೇಕ ಜೋಡಣಾ ಚರಿತ್ರೆಯನ್ನೂ ತಂದದ್ದು ತಡವಾದರೂ ಸರಿಯಾದ ಪರಿಹಾರ.

ಈಮ್ಯಾಕ್ಸ್‌ನ ಹಳೆಯ ಪ್ರತಿಸ್ಪರ್ಧಿ ವಿಮ್‌ನಲ್ಲೂ ಇಂಥದೇ ತೊಡಕಿದೆ. ವಿಮ್‌ನ ಪ್ರತಿ ವಿಂಡೊ 100 ನೆಗೆತಗಳವರೆಗೆ ನೆನಪಿಡುತ್ತದೆ, ಅಂದರೆ ಕರ್ಸರ್ ದೂರಕ್ಕೆ ಹಾರಿದ ಸ್ಥಳಗಳನ್ನು. ವಿಂಡೊವನ್ನು ಸೀಳಿದಾಗ ಈ ಪಟ್ಟಿಯ ನಕಲು ಹೊಸ ವಿಂಡೊಗೂ ದೊರೆಯುತ್ತದೆ. ಆದರೆ ಯೋಜನೆಯ ಜೋಡಣೆಯನ್ನು ಉಳಿಸುವ ಸೆಷನ್ ಕಡತ ಗುರುತುಗಳನ್ನೂ ಆದೇಶಗಳ ಚರಿತ್ರೆಯನ್ನೂ ಒಳಗೊಳ್ಳುವುದಿಲ್ಲ. ಅವು ಸೇರುವ ‘ವಿಮ್‌ಇನ್ಫೊ’ ಕಡತ, ಬಳಕೆದಾರ ಬೇರೆ ಏರ್ಪಾಡು ಮಾಡಿಕೊಳ್ಳದ ಹೊರತು, ಎಲ್ಲ ಯೋಜನೆಗಳಿಗೂ ಒಂದೇ.

ಚರಿತ್ರೆಯನ್ನು ಉಳಿಸುವುದೂ ನೇರವಾದ ಕೆಲಸವಲ್ಲ. ಈಮ್ಯಾಕ್ಸ್ ಚಾಲನೆಯಲ್ಲಿರುವವರೆಗೆ ಸ್ಥಾನಗಳನ್ನು ‘ಮಾರ್ಕರ್’ಗಳಾಗಿ, ಅಂದರೆ ಪಠ್ಯ ಹಿಗ್ಗಿ ಕುಗ್ಗಿದಂತೆ ತಾವೂ ಸರಿಯುವ ಗುರುತುಗಳಾಗಿ ಇಡಬಹುದು, ಡಿಸ್ಕಿಗೆ ಬರೆಯಬೇಕಾದಾಗ ಅವು ಬರಿಯ ಅಂಕಿಗಳಾಗಿ, ಬಫರ್‌ಗಳು ಬರಿಯ ಹೆಸರುಗಳಾಗಿ ಉಳಿಯುತ್ತವೆ. ಕಡತ ನಡುವೆ ಬೇರೆಡೆ ತಿದ್ದುಪಡಿಯಾಗಿದ್ದರೆ ಅಂಕಿ ತಪ್ಪು ಸಾಲನ್ನು ತೋರಿಸುತ್ತದೆ, ಬಫರ್ ಮುಚ್ಚಿಹೋಗಿದ್ದರೆ ಹೆಸರು ಯಾವುದನ್ನೂ ತೋರಿಸುವುದಿಲ್ಲ. ಆದ್ದರಿಂದ ಮರುಸ್ಥಾಪಿಸುವ ಮುನ್ನ ಪಟ್ಟಿಯ ಪ್ರತಿ ನಮೂದೂ ಜೀವಂತವಿದೆಯೇ ಎಂದು ನೋಡಿ, ಸತ್ತವನ್ನು ಸದ್ದಿಲ್ಲದೆ ಕೈಬಿಡುವ ಕ್ರಮವೇ ಮೇಲು. ಒಂದು ಬಫರ್ ಕಾಣೆಯಾಯಿತೆಂದು ಇಡೀ ವರ್ಕ್‌ಸ್ಪೇಸನ್ನು ತಡೆಹಿಡಿಯುವುದು ಸಲ್ಲದು.